ತಾಮ್ರದ ಹಸಿರು

ಸಂಜೆ ಅಂಕಮ್ಮ ಗೇಟು ತೆಗೆದಾಗ ಅಂಗಳದ ತುಂಬ ಜನ. ನಡುವೆ ಅವಳ ಮಡಕೆ ಒಡೆದು ಬಿದ್ದಿತ್ತು. ಅದರೊಳಗಿದ್ದ ತಾಮ್ರದ ತಗಡುಗಳನ್ನು ಮನೆಯೊಡೆಯ ಬೈರಣ್ಣನ ತಾಯಿ ಬೈರಮ್ಮ ಕಡ್ಡಿಯಿಂದ ದೂರ ತಳ್ಳುತ್ತಿದ್ದಳು.

ಅಂಕಮ್ಮ ಜಯನಗರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿ. ಚಿತ್ರ ಬರೆಯುವ ಹುಚ್ಚು. ಅಂಗಡಿಯ ಬಣ್ಣ ಮುಟ್ಟುತ್ತಿರಲಿಲ್ಲ. ಹಳದಿ ಮಣ್ಣು ಸುಟ್ಟು ಕೆಂಪು ಮಾಡಿದ್ದಳು, ಅಣಲೆಕಾಯಿಗೆ ತುಕ್ಕು ಬೆರೆಸಿ ಕಪ್ಪು. ಎಂಬತ್ತಮೂರನೇ ಇಸವಿಯ ಬೇಸಗೆಯಲ್ಲಿ ಹಸಿರಿಗೆ ಕೈಹಾಕಿ, ಕೇಳಿದರೆ ಬೇಡ ಅಂದಾರೆಂದು ಯಾರನ್ನೂ ಕೇಳದೆ ಮಡಕೆಯನ್ನು ಗೊಬ್ಬರದ ಗುಂಡಿಯಲ್ಲಿ ಹೂತಿದ್ದಳು.

ಬನಶಂಕರಿಯಲ್ಲಿ ಬೈರಣ್ಣನ ಹೊಲವೆಲ್ಲ ಸೈಟಾಗಿ, ಉಳಿದ ಜಾಗದಲ್ಲಿ ಸಾಲುಮನೆಗಳು ಎದ್ದಿದ್ದವು. ಅಂಕಮ್ಮ ಬಾಡಿಗೆಗೆ ಬಂದ ದಿನ ಅವನು "ಯಾವ ಜನ?" ಅಂದಿದ್ದ. "ಬೌದ್ಧರು" ಅಂದಿದ್ದಳು. ಅದರರ್ಥ ದಲಿತರು ಅಂತ ಯಾರೋ ಬಿಡಿಸಿ ಹೇಳಿದ ಮೇಲೆ ನಲ್ಲಿಯಲ್ಲಿ ಅವಳ ಸರದಿ ಕೊನೆಗೆ ಹೋಗಿತ್ತು.

"ಯಾರಿಗೆ ಹೂತೆ ಇದನ್ನ?" ಬೈರಣ್ಣ ಕೇಳಿದ.

"ಬಣ್ಣಕ್ಕೆ ಸಾರ್. ತಾಮ್ರಕ್ಕೆ ವಿನೆಗರ್ ಹಬೆ ತಾಗಿದ್ರೆ ಹಸಿರು ಕಟ್ಟುತ್ತೆ. ಗೊಬ್ಬರದ ಬಿಸಿ ಬೇಕಿತ್ತು."

"ನನ್ ಸೊಸೆ ಹೊಟ್ಟೇಲಿದ್ದಿದ್ದು ಹೋಗಿ ತಿಂಗ್ಳಾಯ್ತು," ಬೈರಮ್ಮ ಕೂಗಿದಳು. "ಆವಾಗ್ಲೇ ಇವ್ಳು ತಾಮ್ರ ಹೂತವ್ಳೆ. ಮಾಟ ಅಲ್ದೆ ಇನ್ನೇನು?"

ಸೊಸೆ ನಾರಾಯಣಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ಅಂಕಮ್ಮ ಒಳಗೋಡಿ ಅಗಸೆ ಎಣ್ಣೆ, ಕಾಗದ ತಂದಳು. ಹಸಿರನ್ನು ಕೆರೆದು ಕಲ್ಲಿನ ಮೇಲೆ ಅರೆದು ಒಂದು ಗೀಟೆಳೆದಳು. ಹೊಸ ಬಾಳೆಲೆಯಂಥ ಬಣ್ಣ. ನಿಂತವರು ಒಂದು ಗಳಿಗೆ ಬಾಗಿ ನೋಡಿದರು.

"ಬರೀ ಬಣ್ಣ ತಾನೆ? ಹಂಗಾದ್ರೆ ನೆಕ್ಕು," ಅಂದ ಬೈರಣ್ಣ.

"ಆಗಲ್ಲ ಸಾರ್. ಇದು ವಿಷ."

ಅಂದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ಹೊಳೆಯಿತು. ನಾರಾಯಣಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಬೈರಣ್ಣ ಅಂಕಮ್ಮನ ಟ್ರಂಕು, ಚಿತ್ರಗಳನ್ನೆಲ್ಲ ರಸ್ತೆಗೆ ಎಸೆಯತೊಡಗಿದ. ಬೈರಮ್ಮ ಮಾಟ ಕಳೆಯಲೆಂದು ತಗಡುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ನಲವತ್ತು ದಿನದ ಹಸಿರು ಕರಗಿ ಬಕೆಟ್ಟಿಗಿಳಿಯಿತು. ಆ ಬಕೆಟ್ಟನ್ನು ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಎಮ್ಮೆಯ ಪಕ್ಕದಲ್ಲೇ ಇಟ್ಟಳು.

ಕುಡಿಯಲಿ ಬಿಡು ಅನ್ನಿಸಿತು ಅಂಕಮ್ಮನಿಗೆ. ನಿಜವಾಗಿಯೂ ಅನ್ನಿಸಿತು. ಎಮ್ಮೆ ಮೂತಿ ಚಾಚಿತು.

"ಅಮ್ಮಾ, ಆ ನೀರು ತೆಗೀರಿ! ಎಮ್ಮೆ ಸಾಯುತ್ತೆ!"

"ನೋಡ್ರೋ, ಶಾಪ ಹಾಕ್ತಾವ್ಳೆ!"

ಯಾರೂ ಕದಲಲಿಲ್ಲ. ಅಂಕಮ್ಮನೇ ನುಗ್ಗಿ ಬಕೆಟ್ಟನ್ನು ಒದ್ದಳು. ಬೈರಣ್ಣ ಅವಳ ರಟ್ಟೆ ಹಿಡಿದು ಗೇಟಿನಾಚೆ ದಬ್ಬಿದ. ತಗಡುಗಳನ್ನು ಕೊಡಲಿಲ್ಲ.

ಚಿಕ್ಕಲಸಂದ್ರದ ಅಪ್ಪನ ಮನೆಗೆ ಅವಳು ಸಾಮಾನು ಹೇರಿದ ತಳ್ಳುಗಾಡಿಯ ಜೊತೆ ನಡೆದೇ ಹೋದಳು. ಎಲ್ಲ ಕೇಳಿದ ಮೇಲೆ ಅಪ್ಪ ಸಂಜೀವಯ್ಯ, "ವಿಷ ಅಂತ ಯಾಕಮ್ಮ ಹೇಳ್ದೆ? ಸುಮ್ನಿದ್ದಿದ್ರೆ ಆಗ್ತಿತ್ತು," ಅಂದ.

"ವಿಷಾನೇ ಅಲ್ವೇನಪ್ಪ?"

ಅಂಕಮ್ಮ ಉಗುರಿನ ಸಂದಿಯ ಹಸಿರು ಹೋಗುವವರೆಗೆ ಸೋಪು ಹಚ್ಚಿ ಉಜ್ಜಿದಳು. ಆಮೇಲೆ ಊಟಕ್ಕೆ ಕೂತಳು. ತುತ್ತು ಇಳಿಯದಷ್ಟು ಸಿಟ್ಟಿತ್ತು, ಆದರೂ ತಟ್ಟೆ ಖಾಲಿ ಮಾಡಿದಳು.