ಆ ಕಡೆಯ ಪೋಸ್ಟ್‌ಮಾಸ್ತರು

ಅಂಚೆ ಕಚೇರಿಯಲ್ಲಿ ಅರ್ಧಂಬರ್ಧ ವಿಳಾಸದ ಕಾಗದಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದುದು ಅವನ ಮೇಜಿಗೆ. ‘ಬಾವಿ ಪಕ್ಕದ ಕುಳ್ಳ ಟೈಲರಿಗೆ’ ಎಂದಷ್ಟೇ ಬರೆದಿದ್ದರೂ ಮುಟ್ಟಿಸಿಬಿಡುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಪತ್ತೇದಾರ ಎನ್ನುತ್ತಿದ್ದರು. ಇಂಥ ಭೂಪನಿಗೆ ಸ್ವಂತ ತಮ್ಮನ ವಿಳಾಸ ಗೊತ್ತಿರಲಿಲ್ಲ.

ಅಕ್ಕ ಆಸ್ಪತ್ರೆಯಲ್ಲಿದ್ದಳು. ರಕ್ತದ ಕಾಯಿಲೆ. ಒಡಹುಟ್ಟಿದವರ ಮೂಳೆಮಜ್ಜೆ ಹೊಂದಿದರೆ ಉಳಿದಾಳು, ಹತ್ತು ದಿನದೊಳಗೆ ಕರೆಸಿ ಎಂದರು ಡಾಕ್ಟರು. ಪತ್ತೇದಾರನದು ಹೊಂದಲಿಲ್ಲ. ಉಳಿದವನು ತಮ್ಮನೊಬ್ಬನೇ. ಹನ್ನೆರಡು ವರ್ಷದ ಹಿಂದೆ ಅಕ್ಕ ಸಿಟ್ಟಿನ ಭರದಲ್ಲಿ ‘ನಮ್ಮ ಪಾಲಿಗೆ ನೀನು ಸತ್ತೆ’ ಎಂದಿದ್ದಳು. ಅವನು ಉಟ್ಟ ಬಟ್ಟೆಯಲ್ಲೇ ಹೊರಟುಹೋಗಿದ್ದ. ಈಗ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿದ್ದಾನೆಂದು ಯಾರೋ ಅದರ ಹೆಸರು ಹೇಳಿದ್ದರು. ಅಲ್ಲಿಗೆ ಫೋನು ಮಾಡಿದರೆ ‘ಯಾವ ವಿಭಾಗ?’ ಎನ್ನುತ್ತಿದ್ದರು. ಅದು ಗೊತ್ತಿದ್ದರೆ ಇಷ್ಟು ಪರದಾಟ ಯಾಕೆ? ಕಾಗದ ಹಾಕೋಣವೆಂದರೆ ಮುಟ್ಟಲು ಮೂರು ವಾರ.

ಬಸ್ ನಿಲ್ದಾಣದೆದುರು ಹೊಸದಾಗಿ ತೆರೆದಿದ್ದ ಇಂಟರ್ನೆಟ್ ಅಂಗಡಿಗೆ ಹೋಗಿ ಕೂತ. ಅಂಗಡಿಯಾಕೆ ತಮ್ಮನ ಹೆಸರನ್ನು ಹಿಂದೆ ಮುಂದೆ ಮಾಡಿ, ನಡುವೆ ಚುಕ್ಕೆ ಇಟ್ಟು, ಆ ವಿಶ್ವವಿದ್ಯಾಲಯದ ಒಂದೊಂದೇ ಇಮೇಲ್ ವಿಳಾಸ ಊಹಿಸಿ ಕಳಿಸಿದಳು. ಕಳಿಸಿದ್ದೆಲ್ಲ ವಾಪಸ್ಸು. ನಾಲ್ಕನೆಯ ದಿನಕ್ಕೆ ಹದಿನೇಳು ವಾಪಸ್ಸು ಬಂದಿದ್ದವು. ಅಕ್ಕನಿಗೆ ಮಾತು ನಿಂತಿತ್ತು.

ಹದಿನೆಂಟನೆಯದು ವಾಪಸ್ಸು ಬಂದಾಗ ಅವನು ಪರದೆಗೆ ಮೂಗು ತಾಗಿಸಿದ. “ಇಲ್ಲಿ ಪೋಸ್ಟ್‌ಮಾಸ್ಟರ್ ಅಂತಿದೆಯಲ್ಲಮ್ಮ!”

“ಅಯ್ಯೋ ಸರ್, ಅದು ಮನುಷ್ಯ ಅಲ್ಲ, ಮೆಷಿನ್ನು. ಎಲ್ಲದರ ಕೆಳಗೂ ಬರುತ್ತೆ.”

“ಮೂವತ್ತು ವರ್ಷ ಅಂಚೇಲಿ ಇದ್ದೀನಿ. ಪೋಸ್ಟ್‌ಮಾಸ್ತರು ಅಂತ ಇದ್ದರೆ ಕುರ್ಚೀಲಿ ಯಾರಾದರೂ ಕೂತಿರಲೇಬೇಕು. ಅವರಿಗೇ ಬರಿ.”

ಆಕೆ ನಗು ತಡೆದುಕೊಂಡು ಟೈಪ್ ಮಾಡಿದಳು. ಅವನು ಕಚೇರಿಯ ಇಂಗ್ಲಿಷಿನಲ್ಲೇ ಹೇಳಿ ಬರೆಸಿದ: ಮಾನ್ಯ ಪೋಸ್ಟ್‌ಮಾಸ್ತರರೇ, ವಿಳಾಸ ಅಪೂರ್ಣ. ಹೆಸರು ಇಂಥದು. ಎಡಗೈಯಲ್ಲಿ ಬರೆಯುತ್ತಾನೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ಅವಳ ಜೀವ ಅವನ ಕೈಯಲ್ಲಿದೆ. ದಯವಿಟ್ಟು ಮುಟ್ಟಿಸಿ. ಇತಿ, ನಿಮ್ಮ ಸಹೋದ್ಯೋಗಿ.

ಐದನೆಯ ದಿನ ಏನೂ ಇಲ್ಲ. ಆರನೆಯ ದಿನ ಅವನು ಬಾಗಿಲಲ್ಲಿ ಕಂಡದ್ದೇ ಆಕೆ ಕೂಗಿದಳು, “ಸರ್, ಬಂದಿದೆ! ವಾಪಸ್ಸಲ್ಲ, ಉತ್ತರ!”

ಆಕೆ ಓದಿ ಓದಿ ಕನ್ನಡದಲ್ಲಿ ಹೇಳಿದಳು. “‘ನಾನು ಅಂಚೆಯವಳಲ್ಲ, ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳೋಳು. ಈ ವಿಳಾಸಕ್ಕೆ ಮನುಷ್ಯರು ಬರೆಯೋದೇ ಅಪರೂಪ. ಆ ಹೆಸರಿನವರು ಇಬ್ಬರಿದ್ದರು. ಎಡಗೈಯವರು ಗ್ರಂಥಾಲಯದಲ್ಲಿ ಸಿಕ್ಕರು. ನಿಮ್ಮ ಪತ್ರ ತೋರಿಸಿದೆ. ನನ್ನ ವಿಳಾಸ ಕೊಡಬೇಡಿ ಅಂದರು.’”

ಆಕೆ ಅಲ್ಲಿಗೇ ನಿಲ್ಲಿಸಿದಳು. ತಪ್ಪು ಅಕ್ಕನದು ಮಾತ್ರ ಅಲ್ಲ, ಅವತ್ತು ಬಾಗಿಲಲ್ಲೇ ನಿಂತಿದ್ದ ತಾನೂ ತಡೆಯಲಿಲ್ಲ ಎಂಬುದು ಈಗ ಅವನ ಎದೆಯನ್ನು ಇರಿಯಿತು.

“ಅಷ್ಟೇನಾ?” ಎಂದ.

“ಇನ್ನೊಂದು ಸಾಲಿದೆ ಸರ್. ನಿಮ್ಮ ತಮ್ಮ ಆಸ್ಪತ್ರೆ ವಿಳಾಸ ಕೇಳಿದ್ದಾರೆ. ಇವತ್ತೇ ಹೊರಡ್ತಾರಂತೆ.”

ಅವನು ಕಣ್ಣೊರೆಸಿಕೊಂಡು ಕೀಲಿಮಣೆ ತನ್ನೆಡೆಗೆ ಎಳೆದುಕೊಂಡ. ಒಂದೇ ಬೆರಳಲ್ಲಿ ಬೀದಿ, ಮಹಡಿ, ವಾರ್ಡು, ಮಂಚದ ಸಂಖ್ಯೆ, ಯಾವುದನ್ನೂ ಬಿಡದೆ ಒತ್ತಿದ. ರೋಗಿಯ ಹೆಸರು ಬರೆಯಬೇಕಾದಲ್ಲಿ ಮಾತ್ರ, ಇಂಗ್ಲಿಷ್ ಅಕ್ಷರಗಳಲ್ಲೇ, ‘ಅಕ್ಕ’ ಎಂದು ಹೊಡೆದ.