ತಾತ್ಕಾಲಿಕ, ಒಂದು ತಿಂಗಳ ಮಟ್ಟಿಗೆ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವಳು ರೂಲ್ಸಕ್ಕ. ಹೆತ್ತವರಿಟ್ಟ ಹೆಸರನ್ನು ಹಾಜರಿ ಪುಸ್ತಕವೊಂದೇ ನೆನಪಿಟ್ಟುಕೊಂಡಿತ್ತು.

ಆಸ್ಪತ್ರೆಯ ನಾಲ್ಕು ಕಟ್ಟಡಗಳಲ್ಲಿ ಯಾರು ಎಲ್ಲಿ ಗುಂಡಿ ಒತ್ತಿದರೂ, ಅದು ರಕ್ತಪರೀಕ್ಷೆಯ ವರದಿಯಾಗಲಿ, ಔಷಧಿ ಚೀಟಿಯಾಗಲಿ, ಹಾಸಿಗೆ ಖಾಲಿ ಇದೆಯೇ ಎಂಬ ವಿಚಾರಣೆಯಾಗಲಿ, ಮೊದಲು ಒಂದೇ ಸರ್ವರಿನ ಬಾಗಿಲಿಗೆ ಬರುತ್ತಿತ್ತು. ನೀನು ಆ ಕಡೆ, ನೀನು ಈ ಕಡೆ, ನೀನು ಸ್ವಲ್ಪ ಕಾಯಿ ಎಂದು ಹೇಳಿ ಕಳಿಸುವುದು ಆ ಸರ್ವರಿನ ಕೆಲಸ. ಯಾರು ಯಾವ ಕಡೆ ಎಂಬುದಕ್ಕೆ ಅದರ ಹೊಟ್ಟೆಯಲ್ಲೊಂದು ರೂಲುಗಳ ಪಟ್ಟಿ. ಸರ್ವರ್ ಅದನ್ನು ಮೇಲಿನಿಂದ ಓದಿಕೊಂಡು ಬರುತ್ತದೆ. ಯಾವ ರೂಲು ಮೊದಲು ಹೊಂದಿತೋ ಅದಕ್ಕೆ ಶರಣು, ಕೆಳಗಿನವುಗಳ ಗೊಡವೆಗೆ ಹೋಗುವುದಿಲ್ಲ. ಹನ್ನೆರಡು ವರ್ಷಗಳಿಂದ ಆ ಪಟ್ಟಿಯನ್ನು ಬರೆದವಳು, ತಿದ್ದಿದವಳು, ಅದಕ್ಕಾಗಿ ಬೈಸಿಕೊಂಡವಳು ಎಲ್ಲ ರೂಲ್ಸಕ್ಕನೇ.

ಶುರುವಿನಲ್ಲಿ ಇಪ್ಪತ್ತು ರೂಲುಗಳಿದ್ದವು. ಈಗ ಮುನ್ನೂರ ಹನ್ನೆರಡು. ಒಬ್ಬೊಬ್ಬರೂ ಮೂರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ, "ನಮ್ಮದೊಂದು ಸ್ವಲ್ಪ ಮುಂದೆ ಹಾಕಿಕೊಡಿ" ಎಂದವರೇ. ಪ್ರತಿ ರೂಲಿನ ಪಕ್ಕದಲ್ಲಿ ಯಾರು ಕೇಳಿದರು, ಯಾಕೆ ಕೇಳಿದರು ಎಂದು ಒಂದು ಸಾಲಿನ ಟಿಪ್ಪಣಿ ಬರೆದಿಡುವುದು ಅವಳ ಪದ್ಧತಿ. ಅರ್ಧಕ್ಕಿಂತ ಹೆಚ್ಚು ಟಿಪ್ಪಣಿಗಳು 'ತಾತ್ಕಾಲಿಕ' ಎಂದು ಶುರುವಾಗುತ್ತಿದ್ದವು. ಗೋಡೆಗೆ ಬಣ್ಣ ಹೊಡೆಯುವವರೆಗೆ ಎರಡು ದಿನ ಎಂದು ಎಕ್ಸ್-ರೇ ವಿಭಾಗದವರು ಹಾಕಿಸಿಕೊಂಡ ರೂಲು ಇನ್ನೂ ಇತ್ತು. ಆ ಬಣ್ಣ ಮಾತ್ರ ಎಂದೋ ಉದುರಿಹೋಗಿತ್ತು.

ಸೋಮವಾರ ಸಾಹೇಬರು ಅವಳನ್ನು ಕರೆಸಿದರು. ಸಾಹೇಬರೆಂದರೆ ವಿಭಾಗದ ಮುಖ್ಯಸ್ಥರು. ಬಂದು ಆರು ತಿಂಗಳಾಗಿದ್ದ, ಅವಳಿಗಿಂತ ಹದಿನೈದು ವರ್ಷ ಚಿಕ್ಕವರಾದ, ಒಗ್ಗರಣೆಯಿಲ್ಲದೆ ಮಾತಾಡುವ ಮನುಷ್ಯ. ಮೇಜಿನ ಮೇಲೆ ಅವಳ ರಜಾ ಅರ್ಜಿ ಕಾಗದದ ಭಾರದಡಿ ಉಸಿರುಕಟ್ಟಿ ಬಿದ್ದಿತ್ತು.

"ಮೇಡಂ, ಮುಂದಿನ ಸೋಮವಾರ ಹೊಸ ಮಷಿನ್ ಬರ್ತಿದೆ. ನೂರು ರೂಲಿಗಿಂತ ಒಂದು ಜಾಸ್ತಿ ಇದ್ರೂ ಒಳಗೆ ಸೇರಿಸಲ್ಲವಂತೆ. ಪಟ್ಟಿ ನೂರಕ್ಕೆ ಇಳಿಸಿಬಿಡಿ. ಶುಕ್ರವಾರ ಮೂರು ಗಂಟೆಗೆ ನಾನೇ ಬಂದು ನೋಡ್ತೀನಿ. ಇಳಿದಿದ್ರೆ ನಾಲ್ಕಕ್ಕೆ ನೀವು ಊರಿಗೆ."

"ಇಳೀಲಿಲ್ಲ ಅಂದ್ರೆ?"

"ಶನಿವಾರಾನೂ ಇದೆಯಲ್ಲ."

ಶನಿವಾರ ಇರಲಿಲ್ಲ. ಶನಿವಾರ ಬೆಳಿಗ್ಗೆ ಅಕ್ಕನ ಕಣ್ಣಿನ ಆಪರೇಷನ್. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು, ಅವಳನ್ನು ಎತ್ತಿ ಆಡಿಸಿದವಳು, ನಲವತ್ತು ವರ್ಷ ಹೊಲಿಗೆಯಂತ್ರದ ಮುಂದೆ ಕೂತು ಊರವರ ತೋಳು ಸೊಂಟಗಳ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು. ಹೋದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಅಂದು ರೂಲ್ಸಕ್ಕ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೂ ಆಗಿತ್ತು. ಅಷ್ಟರಲ್ಲಿ ಫೋನು. ಲ್ಯಾಬಿನ ಪ್ರಿಂಟರುಗಳೆಲ್ಲ ನಿಂತುಬಿಟ್ಟಿವೆ ಎಂದು. ಇಳಿದು ಓಡಿಬಂದು ನೋಡಿದರೆ, ನೆಲ ಒರೆಸುವಾಕೆ ಪ್ಲಗ್ ಕಿತ್ತಿದ್ದಳು.

"ಒಂದು ಕಣ್ಣಿಗೆ ನೀನು ಬರಲಿಲ್ಲ," ಎಂದು ಅಕ್ಕ ಈ ಸಲ ಫೋನಿನಲ್ಲಿ ಶಾಂತವಾಗಿ ಹೇಳಿದ್ದಳು. "ಇನ್ನು ಒಂದೇ ಬಾಕಿ ಇರೋದು. ನೋಡ್ಕೊ. ಮೂರನೇದು ನನ್ನ ಹತ್ರ ಇಲ್ಲ."

ನಾಲ್ಕು ದಿನ ರೂಲ್ಸಕ್ಕ ಪಟ್ಟಿ ಹಿಡಿದು ಮಹಡಿಯಿಂದ ಮಹಡಿಗೆ ತಿರುಗಿದಳು. ರೂಲು ಹಾಕಿಸಿಕೊಳ್ಳುವಾಗ ಜನ ಮೂರು ಮಹಡಿ ಹತ್ತುತ್ತಾರೆ. ತೆಗೆಸುವಾಗ ಕೈಗೇ ಸಿಗುವುದಿಲ್ಲ. ಇದು ಬೇಕೆ ಎಂದರೆ ಯಾರಿಗೂ ಗೊತ್ತಿಲ್ಲ. ತೆಗೆಯಲೇ ಎಂದರೆ ಎಲ್ಲರ ಮುಖವೂ ಸಪ್ಪೆ. ಗುರುವಾರ ಸಂಜೆಯ ಹೊತ್ತಿಗೆ ಕಾಲು ಬಾತಿದ್ದವು, ಇನ್ನೂರ ಹನ್ನೆರಡು ರೂಲುಗಳಿಗೆ ಗೀಟು ಬಿದ್ದಿತ್ತು. ಉಳಿದದ್ದು ಸರಿಯಾಗಿ ನೂರು.

ಶುಕ್ರವಾರ ಊಟದ ಹೊತ್ತಿಗೆ ಔಷಧಿ ವಿಭಾಗದ ಹಿರಿಯರು ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ರೂಲ್ಸಕ್ಕ, ನಮ್ಮದೊಂದು ಉಳಿಸ್ಕೊಡಿ."

"ನಿಮ್ಮದು ಆರು ಉಳಿಸಿದೀನಲ್ಲ ಸರ್."

"ಏಳನೇದು. ಯಾವುದಕ್ಕೆ ಅಂತ ನನಗೂ ನೆನಪಿಲ್ಲ. ಆದ್ರೆ ಇದೆ ಅಂದ್ರೆ ಏನೋ ಒಂದು ಧೈರ್ಯ."

ಅವರು ಎದ್ದು ಹೋಗುವ ಸೂಚನೆಯೇ ಇರಲಿಲ್ಲ. ವಾದಿಸುವುದಕ್ಕಿಂತ ಒಂದು ಗೀಟು ಅಳಿಸುವುದು ಸುಲಭ. ಅಳಿಸಿದಳು. ಬದಲಿಗೆ ಇನ್ನೊಂದನ್ನು ಹುಡುಕಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಮೂರು ಗಂಟೆಯಾಯಿತು, ಸಾಹೇಬರು ಬಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು, ಹುಡುಕುವುದು ಮರೆತೇಹೋಯಿತು.

ಅಳಿಸುವ ಆಜ್ಞೆಗಳನ್ನೆಲ್ಲ ಅವಳು ಮೊದಲೇ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟಿದ್ದಳು. ಒಂದು ಸಲ ಓಡಿಸಿದರೆ ಸಾಕು, ಅದು ತನ್ನ ಪಾಡಿಗೆ ಒಂದೊಂದೇ ರೂಲನ್ನು ಕಿತ್ತುಹಾಕುತ್ತ ಹೋಗುತ್ತದೆ. ಸಾಹೇಬರು ಪರದೆಗೆ ಬಗ್ಗಿದರು.

"ಮುನ್ನೂರ ಒಂಬತ್ತು, ಮುನ್ನೂರ ಆರು, ಮುನ್ನೂರ ಐದು... ಇದೇನು ಮೇಡಂ, ತಲೆಕೆಳಗು? ಮೇಲಿನಿಂದ ಬರಬಾರದಾ?"

"ಐದು ಕುರ್ಚಿ ಸಾಲಾಗಿದೆ ಅನ್ಕೊಳ್ಳಿ ಸರ್. ಎರಡನೇ ಕುರ್ಚಿಯವರನ್ನೂ ಮೂರನೇ ಕುರ್ಚಿಯವರನ್ನೂ ಎಬ್ಬಿಸ್ಬೇಕು. ಎರಡನೆಯವರನ್ನ ಎಬ್ಬಿಸಿದ ತಕ್ಷಣ ಹಿಂದಿನವರೆಲ್ಲ ಒಂದೊಂದು ಕುರ್ಚಿ ಮುಂದೆ ಸರೀತಾರೆ. ಆಮೇಲೆ ಮೂರನೆಯವರೇ ಎದ್ದೇಳಿ ಅಂದ್ರೆ, ಏಳೋದು ಯಾರು?"

ಸಾಹೇಬರು ಬೆರಳು ಮಡಿಸಿದರು. "ನಾಲ್ಕನೆಯವನು, ಪಾಪ."

"ಅದಕ್ಕೇ ಕೊನೆಯಿಂದ ಎಬ್ಬಿಸ್ಕೊಂಡು ಬರೋದು."

"ಅನುಭವ," ಎಂದರು ಸಾಹೇಬರು.

"ಅನುಭವಾನೇ ಸರ್," ಎಂದಿತು ಎದುರಿನ ಡ್ಯೂಟಿ ಮೇಜು. "ಆ ಕಥೆ ಕೇಳಿಲ್ವಾ ನೀವು?"

ದೂರಿನ ಕರೆ ಎತ್ತಿಕೊಳ್ಳಲೆಂದು ಅಲ್ಲಿ ಕೂತಿದ್ದವನು ಮೌನಿ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು. ಬೇಡ ಎಂದು ರೂಲ್ಸಕ್ಕ ಕಣ್ಣಲ್ಲೇ ಹೇಳಿದಳು. ಅವನಿಗೆ ಕಣ್ಣಿನ ಭಾಷೆ ಬಾರದು.

ಏಳು ವರ್ಷದ ಹಿಂದಿನ ಮಾತು. ನಲವತ್ತು ಮತ್ತು ನಲವತ್ತೊಂದನೇ ರೂಲು ತೆಗೆಯಬೇಕಿತ್ತು. ಅವಳು ನಲವತ್ತನ್ನು ಅಳಿಸಿದಳು, ಆಮೇಲೆ ನಲವತ್ತೊಂದನ್ನು ಅಳಿಸಿದಳು. ಅಷ್ಟರಲ್ಲಿ ನಲವತ್ತೊಂದನೇ ಕುರ್ಚಿಯಲ್ಲಿ ಕೂತಿದ್ದುದು ಲ್ಯಾಬಿನ ರೂಲು. ದಿಕ್ಕಿಲ್ಲದ ರಕ್ತಪರೀಕ್ಷೆಯ ವರದಿಗಳೆಲ್ಲ ಅದರ ಕೆಳಗಿನ ರೂಲಿಗೆ ಬಿದ್ದವು. ಅದು ರೋಗಿಗಳ ಪಥ್ಯದ ಪಟ್ಟಿಯನ್ನು ಅಡುಗೆಮನೆಯ ಪ್ರಿಂಟರಿಗೆ ಕಳಿಸುವ ರೂಲು. ಒಂದು ತಾಸಿನ ಮೇಲೆ ಮುಖ್ಯ ಅಡುಗೆಯವರು ಕಾಗದದ ಕಂತೆ ಹಿಡಿದು ಮೂರು ಮಹಡಿ ಹತ್ತಿ ಬಂದರು.

"'ಅಮ್ಮಾ, ಇಷ್ಟು ಸಕ್ಕರೆ ನಾನು ಯಾರಿಗೂ ಹಾಕಿಲ್ಲ' ಅಂದ್ರು ಸರ್. ಅಷ್ಟೇ ಅಂದಿದ್ದು," ಎಂದು ಮೌನಿ ಮುಗಿಸಿದ.

ಸಾಹೇಬರು ನಕ್ಕರು. ರೂಲ್ಸಕ್ಕನೂ ನಕ್ಕಳು, ಏಳು ವರ್ಷದಿಂದ ನಕ್ಕು ನಕ್ಕು ಅಭ್ಯಾಸವಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಆ ವಾರ ಅವಳಿಗೆ ನಿದ್ದೆ ಹತ್ತಿರಲಿಲ್ಲ.

ಕಡತವನ್ನು ಓಡಿಸಿದಳು. ಪರದೆಯ ಮೇಲೆ ಹನ್ನೆರಡು ವರ್ಷದ ದಾಕ್ಷಿಣ್ಯಗಳು ಬಾಲದ ಕಡೆಯಿಂದ ಕರಗುತ್ತ ಬಂದವು. ನಾಲ್ಕು ದಿನದ ಓಡಾಟ ನಾಲ್ಕು ನಿಮಿಷದಲ್ಲಿ ಮುಗಿಯಿತು. ಕೊನೆಯಲ್ಲೊಂದು ಸಾಲು: ಉಳಿದ ರೂಲುಗಳು, ನೂರಾ ಒಂದು.

"ಒಂದು ಜಾಸ್ತಿ ಇದೆಯಲ್ಲ," ಎಂದರು ಸಾಹೇಬರು.

ಔಷಧಿ ವಿಭಾಗದ ಧೈರ್ಯ ಅವಳ ನೆನಪಿಗೆ ಬಂತು. ಗಡಿಯಾರ ಮೂರೂ ಕಾಲು. ಬಸ್ಸು ಐದಕ್ಕೆ. ಈಗ ಯಾರನ್ನು ಹೋಗಿ ಕೇಳುವುದು?

"ಈ ಒಂದನೇದು ಏನು ಮೇಡಂ? ಇದಕ್ಕೆ ವಿಭಾಗದ ಹೆಸರೇ ಇಲ್ಲ. ಟಿಪ್ಪಣಿ ಓದಿ."

ಆ ರೂಲನ್ನು ಅವಳು ನಾಲ್ಕು ದಿನವೂ ದಾಟಿಕೊಂಡೇ ಬಂದಿದ್ದಳು, ಮನೆಯ ಹೊಸ್ತಿಲು ದಾಟಿದ ಹಾಗೆ, ನೋಡದೆ. ಈಗ ಓದಿದಳು. "ಎಲ್ಲಿ ಏನು ಕೆಟ್ಟರೂ ಮೊದಲ ಕರೆ ನನ್ನ ಫೋನಿಗೆ. ಡ್ಯೂಟಿ ಮೇಜಿಗೆ ಬೇಡ. ತಾತ್ಕಾಲಿಕ, ಒಂದು ತಿಂಗಳ ಮಟ್ಟಿಗೆ."

ಟಿಪ್ಪಣಿಯ ಕೆಳಗೆ ತಾರೀಖು. ಅಡುಗೆಮನೆಯ ಘಟನೆಯಾದ ಮೂರನೇ ದಿನ.

"ಹಾಗಾದ್ರೆ ಡ್ಯೂಟಿ ಫೋನು?" ಎಂದರು ಸಾಹೇಬರು.

"ಏಳು ವರ್ಷದಿಂದ ಧೂಳು ಒರೆಸ್ತಾ ಇದೀನಿ ಸರ್," ಎಂದ ಮೌನಿ. ಅವನ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. "ಒರೆಸಿ ಒರೆಸಿ ಮೇಲಿನ ಅಂಕಿಗಳೇ ಅಳಿಸಿಹೋಗಿವೆ. ರಿಂಗೇ ಆಗಲ್ಲ, ಹಾಳಾಗಿದೆ ಅಂತ ಎರಡು ಸಲ ಬದಲಾಯಿಸಿದ್ರು ಕೂಡ. ನಾನು ರೂಲ್ಸಕ್ಕನ್ನ ಕೇಳ್ಲಿಲ್ಲ. ನಂಬಿಕೆ ಇಲ್ಲ ಅಂದ ಮೇಲೆ ಏನಂತ ಕೇಳೋದು?"

ರೂಲ್ಸಕ್ಕನಿಗೆ ಏನಾದರೂ ಹೇಳಬೇಕೆನಿಸಿತು. ನಿನ್ನ ಮೇಲಲ್ಲ, ನನ್ನ ಮೇಲೇ ನಂಬಿಕೆ ಇರಲಿಲ್ಲ ಎನ್ನಬಹುದಿತ್ತು. ಅದನ್ನೆಲ್ಲ ಹೇಳಲು ಬೇಕಾದ ಚೈತನ್ಯವನ್ನು ಮೆಟ್ಟಿಲುಗಳು ತಿಂದುಹಾಕಿದ್ದವು. ಅವಳು ಕೊನೆಯ ಆಜ್ಞೆಯನ್ನು ಕೈಯಾರೆ ಬರೆದಳು. ಒಂದನೇ ರೂಲು ಅಳಿಸು. ಬೆರಳು ಸ್ವಲ್ಪ ಹೊತ್ತು ಕೀಲಿಯ ಮೇಲೆ ಸುಮ್ಮನೆ ಕೂತಿತು. ಆಮೇಲೆ ಒತ್ತಿತು.

ಉಳಿದದ್ದು ನೂರು.

"ಒಂದು ಸಲ ಪರೀಕ್ಷೆ ಮಾಡಿಬಿಡಿ," ಎಂದರು ಸಾಹೇಬರು. ಪರೀಕ್ಷೆಗೆಂದೇ ಇಟ್ಟಿದ್ದ ಒಂದು ಸೇವೆಯನ್ನು ಅವಳು ಬೇಕೆಂದೇ ನಿಲ್ಲಿಸಿದಳು. ಎಲ್ಲೋ ಫೋನು ಬಡಿದುಕೊಳ್ಳತೊಡಗಿತು. ಮೌನಿ ಸುತ್ತಮುತ್ತ ನೋಡಿದ.

"ಯಾರದು ಅದು? ಎತ್ರಪ್ಪ."

"ನಿಂದೇ ಕಣೋ," ಎಂದಳು ರೂಲ್ಸಕ್ಕ.

ಸಾಹೇಬರು ರಜಾ ಅರ್ಜಿಗೆ ಅಲ್ಲೇ ಸಹಿ ಹಾಕಿದರು. ನಾಲ್ಕಕ್ಕೆ ಅವಳು ಚೀಲ ಹೆಗಲಿಗೇರಿಸಿದಳು. ಮೌನಿಗೆ ಹತ್ತು ಮಾತು ಹೇಳಿ ಹೋಗಬೇಕೆಂದುಕೊಂಡಿದ್ದವಳು "ಬರ್ತೀನಿ" ಎಂದಷ್ಟೇ ಹೇಳಿ ಬಾಗಿಲು ದಾಟಿದಳು. ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಮತ್ತೆ ಆ ಫೋನಿನ ಸದ್ದು. ಈ ಸಲ ಪರೀಕ್ಷೆಯಲ್ಲ.

ಕಾಲು ತಾನಾಗಿಯೇ ನಿಂತಿತು. ಕೈ ತಾನಾಗಿಯೇ ಚೀಲದೊಳಗೆ ಹೋಗಿ ತನ್ನ ಫೋನನ್ನು ತಡಕಿತು. ಅದು ತಣ್ಣಗೆ ಮಲಗಿತ್ತು. ಒಳಗೆ ಸದ್ದು ನಿಂತಿತು. ಮೌನಿ ಎತ್ತಿದ್ದ. ಅವನ ಮಾತು ಕೇಳಿಸಲಿಲ್ಲ. ಅವಳು ಕಿವಿಗೊಟ್ಟಳು, ಆಗಲೂ ಕೇಳಿಸಲಿಲ್ಲ. ಅವನು ಸುಮ್ಮನೆ ಆ ಕಡೆಯವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು. ಆಮೇಲೆ ಅವನ ದನಿ ಬಂತು, ನಿಧಾನಕ್ಕೆ, ಬಿಡಿಸಿ ಬಿಡಿಸಿ.

"ಸರಿ. ಮೊದಲು ಪ್ಲಗ್ ನೋಡಿ. ನಾನು ಲೈನಲ್ಲೇ ಇರ್ತೀನಿ."

ಪ್ಲಗ್ಗೋ ಅಲ್ಲವೋ ಎಂದು ತಿಳಿಯಲು ಅವಳು ನಿಲ್ಲಲಿಲ್ಲ. ನಿಲ್ಲಬೇಕೆಂದು ತುಂಬ ಅನಿಸಿತು. ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು, ಆಮೇಲೆ ಕಾಲಿಗೇ ದಾರಿ ಗೊತ್ತಾಯಿತು.

ಐದೂ ಹತ್ತಕ್ಕೆ ಅಕ್ಕನ ಫೋನು ಬಂತು.

"ಎಲ್ಲಿದೀಯೆ?"

"ಬಸ್ಸಲ್ಲಿ."

"ಹೋದ ಸಲಾನೂ ಬಸ್ಸಲ್ಲೇ ಇದ್ದೆ."

"ಹೊರಟಿದೆ ಅಕ್ಕ. ಊರು ದಾಟ್ತಾ ಇದೆ."

ಅಕ್ಕ ಬಸ್ಸಿನ ಸದ್ದನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳೋ ಏನೋ.

"ಕಿಟಕಿ ಪಕ್ಕ ಸಿಕ್ತಾ?"

"ಇಲ್ಲ."

"ಹೋಗ್ಲಿ ಬಿಡು," ಎಂದಳು ಅಕ್ಕ. "ಕಿಟಕಿ ಪಕ್ಕ ಕೂತವರೇ ಇಳಿದು ಹೋಗೋದು."