ಹಸಿ ಹಾಸು

ನಾನು ಒಂದು ಕುಂಚಿಗೆ. ಗೋಡೆಗೆ ಬಣ್ಣ ಬಳಿಯುವ ಜಾತಿಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಂಬಳಿ ನೇಯುವವರ ಮನೆಯ ಕುಂಚಿಗೆ. ನೂಲಿಗೆ ಹುಣಸೆಬೀಜದ ಗಂಜಿ ಉಣಿಸುವುದು ನನ್ನ ಕಸುಬು. ಮೂಡ್ಲಪ್ಪ ಎಂಬ ನೇಕಾರ ಹುಲ್ಲಿನ ಬೇರುಗಳನ್ನು ತೊಳೆದು, ಒಣಗಿಸಿ, ಹಲ್ಲಲ್ಲಿ ದಾರ ಕಚ್ಚಿ ಎಳೆದು ನನ್ನನ್ನು ಕಟ್ಟಿದ. ನನ್ನ ಕಥೆಯಲ್ಲಿ ಒಂದು ಜೀವ ಹೋಗಿದೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನಮ್ಮದು ಮಳೆಯನ್ನೇ ಕಾಣದ ಸೀಮೆಯ ಪೇಟೆ. ಒಂದು ಕಡೆ ಶೇಂಗಾ ಎಣ್ಣೆಯ ಮಿಲ್ಲುಗಳು, ಇನ್ನೊಂದು ಕಡೆ ನಮ್ಮ ಕಂಬಳಿ ಬೀದಿ. ನೇಯುವ ಮುಂಚೆ ನೂಲಿನ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟುತ್ತಾರೆ. ಅದಕ್ಕೆ ಹಾಸು ಅನ್ನುವುದು. ಹಾಸು ಕಟ್ಟಿದ ಮೇಲೆ ಅದನ್ನು ಯಾರೂ ದಾಟುವುದಿಲ್ಲ. ಗಾಡಿ, ಸೈಕಲ್ಲು, ಒಮ್ಮೆ ಮದುವೆ ದಿಬ್ಬಣ ಕೂಡ ಸುತ್ತಿಕೊಂಡು ಹೋಗಿದೆ. ಆಗ ನನಗೆಷ್ಟು ಜಂಬ ಅಂತೀರಿ.

ಮೂಡ್ಲಪ್ಪನ ಕೈ ನಡುಗಲು ಶುರುವಾದಾಗ ನಾನು ಅವನ ಮಗ ಓಬಳೇಶನ ಪಾಲಾದೆ. ಒರಟು ಕೈ, ಮೆತ್ತನೆ ಮನಸ್ಸು. ಅವನಿಗೆ ನೂಲು ತೆಗೆದುಕೊಡುತ್ತಿದ್ದವಳು ಬೀದಿಯ ಆ ತುದಿಯ ಕಾಟಮ್ಮ. ಅವಳ ಎಳೆಯಲ್ಲಿ ಗಂಟು ಅನ್ನುವುದೇ ಇರಲಿಲ್ಲ, ನಾನು ಸಲೀಸಾಗಿ ಜಾರುತ್ತಿದ್ದೆ. "ನನ್ ನೂಲಿಗೆ ಗಂಜಿ ತೆಳ್ಳಗೆ ಹಾಕೋ ಓಬಳೇಶ, ಅದು ನಿನ್ನಂಗೆ ಹೊಟ್ಟೆಬಾಕ ಅಲ್ಲ" ಎಂದು ಛೇಡಿಸುತ್ತಿದ್ದಳು.

ಆ ದಿನ ಅವಳದೇ ನೂಲು. ಆಗಷ್ಟೇ ಗಂಜಿ ಬಳಿದಿದ್ದೆವು. ಹಸಿಯಾಗಿದ್ದಾಗ ಸಡಿಲಿಸಿದರೆ ಎಳೆಗಳೆಲ್ಲ ಅಂಟಿಕೊಂಡು ಹಾಳು. ಬೀದಿಯ ಈ ತಲೆಗೆ ಬುಡೇನನ ಆಟೊ ಬಂತು. ಓಬಳೇಶ ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. ನನ್ನನ್ನು ಹಿಡಿದಿದ್ದ ಕೈಯನ್ನೇ ಎತ್ತಿ, "ಸುತ್ಕೊಂಡ್ ಹೋಗಪ್ಪ, ಹಾಸು ಹಸೀ ಐತೆ" ಎಂದ. ಬುಡೇನ್ ಇದೇ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಎದುರಾಡದೆ ಗಾಡಿ ತಿರುಗಿಸಿದ. ಸುತ್ತುದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು, ಶೇಂಗಾ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ಆಟೊ ಕರೆಸಿದ್ದವನು ಕಾಟಮ್ಮನ ಗಂಡ ಜುಂಜಪ್ಪ. ಉಣ್ಣೆ ರಾಶಿಗೆ ಕೈ ಹಾಕಿದವಳಿಗೆ ಹಾವು ಕಚ್ಚಿತ್ತು. ಫೋನಿನಲ್ಲಿ ಬೇಗ ಬಾ ಅಂದಿದ್ದನೇ ಹೊರತು ಹಾವು ಅಂದಿರಲಿಲ್ಲ. ಈಗ ಬಂತು, ಆಗ ಬಂತು ಎಂದು ಬಾಗಿಲಲ್ಲೇ ಅರ್ಧ ಗಂಟೆ ಕಾದ. ಕೊನೆಗೆ ಅವನ ಕೂಗು ಕೇಳಿದಾಗ ಓಬಳೇಶ ಕುಡುಗೋಲಿನಿಂದ ಹಾಸನ್ನು ಕಚಕಚನೆ ಕೊಯ್ದು ಓಡಿದ. ಅವಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆ ದಾರಿ ಹಿಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮೂರನೇ ದಿನ ಜುಂಜಪ್ಪ ನಮ್ಮ ಜಗಲಿಗೆ ಬಂದು ಕೂತ. ಓಬಳೇಶ ತಲೆ ತಗ್ಗಿಸಿ, "ಆಟೊ ತಿರುಗ್ಸಿದ್ದು ನಾನೇ ಕಣಣ್ಣ" ಎಂದ.

ಜುಂಜಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ಆಮೇಲೆ, "ಹಸೀ ಹಾಸು ಯಾರ್ ದಾಟ್ತಾರಪ್ಪ. ನಾನಿದ್ರೂ ಸುತ್ಕೊಂಡ್ ಹೋಗು ಅಂತಿದ್ದೆ" ಎಂದು ಎದ್ದು ಹೋದ.

ಅಂದೇ ಓಬಳೇಶ ನನ್ನನ್ನು ಸೂರಿಗೆ ಸಿಕ್ಕಿಸಿದ. ಈಗ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ. ನನ್ನ ಬೇರುಗಳನ್ನು ಇಲಿ ಒಂದೊಂದೇ ಎಳೆದುಕೊಂಡು ಹೋಗುತ್ತಿದೆ, ಹೋಗಲಿ. ನನ್ನ ಕೊರಗು ಬೇರೆ. ಜುಂಜಪ್ಪ ಅವತ್ತು ಬಾಯಿಗೆ ಬಂದಂತೆ ಬೈದಿದ್ದರೆ ಓಬಳೇಶ ಅತ್ತು ಹಗುರಾಗುತ್ತಿದ್ದ, ಎಂದಾದರೂ ಮತ್ತೆ ನೇಯಲು ಕೂರುತ್ತಿದ್ದ. ಆ ಪುಣ್ಯಾತ್ಮ ಬೈಯಲಿಲ್ಲ.